ಕರೆಯುವ ಪದ

ಕಾಡಂಚಿನ ಹಾಡಿಯ ಹೆಂಗಸರು ಕಟ್ಟಿಕೊಂಡ ಹಾಡಿನ ತಂಡದ ಉದ್ಘಾಟನೆಗೆ ಮೇಷ್ಟ್ರು ಒಂದು ಉಡುಗೊರೆ ತಂದಿದ್ದರು. ಮೂವತ್ತು ವರ್ಷಗಳ ಹಿಂದೆ ಇದೇ ಹಾಡಿಯ ಗಂಡಸರಿಂದ ಹಾಡಿಸಿ ತಾವೇ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ ಪದ ಅದು. ಹಾಡಿದವರಲ್ಲಿ ಈಗ ಒಬ್ಬರೂ ಬದುಕಿಲ್ಲ. ತಮ್ಮಿಂದಾಗಿ ಪದವಾದರೂ ಉಳಿಯಿತಲ್ಲ ಎಂದು ಮೇಷ್ಟ್ರಿಗೆ ಒಳಗೊಳಗೇ ಹೆಮ್ಮೆ.

ಹೊತ್ತು ಮುಳುಗುವ ಹೊತ್ತಿಗೆ ಧ್ವನಿವರ್ಧಕದಲ್ಲಿ ಅದನ್ನು ಹಾಕಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಸದ್ದು ಹೆಚ್ಚಿಸಿ ಮತ್ತೆರಡು ಸಲ ಹಾಕಿದರು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಎದ್ದು ನಿಂತರು. ತಂಡದ ಹಿರಿಯಳಾದ ಮುದುಕಿ ಮೆಲ್ಲಗೆ ಹತ್ತಿರ ಬಂದಳು.

“ನಿಲ್ಸಿ ಸಾಮಿ. ಅದು ಆನೆ ಕರೆಯೋ ಪದ.”

ಮೇಷ್ಟ್ರು ನಕ್ಕರು. “ಕರೆದ್ರೆ ಬಂದ್ಬಿಡುತ್ತಾ?”

“ಮೂರು ಸಲ ಕರೆದ್ರೆ ಬತ್ತದೆ.”

ಬಿದಿರುಮೆಳೆಯ ಕಡೆ ಏನೋ ಲಟಲಟನೆ ಮುರಿಯಿತು. ಮೇಷ್ಟ್ರು ಗಡಬಡಿಸಿ ಗುಂಡಿ ಒತ್ತಿದರು. ಹಾಡು ನಿಂತಿತು, ಮುರಿಯುವ ಸದ್ದು ನಿಲ್ಲಲಿಲ್ಲ.

“ವಾಪಸ್ ಕಳಿಸೋ ಪದಾನೂ ಇರಬೇಕಲ್ಲಮ್ಮ?”

“ಇತ್ತು. ಕರೆಯೋದು ಗಂಡಸ್ರು, ಕಳಿಸೋದು ಹೆಂಗಸ್ರು. ಕೊನೆಗೆ ನಮ್ಮವ್ವಂಗೊಬ್ಬಳಿಗೇ ಬತ್ತಿತ್ತು. ಅವಳ ಜತೇಲೇ ಹೋಯ್ತು.”

“ಅವತ್ತು ನನಗ್ಯಾಕೆ ಯಾರೂ ಹೇಳ್ಲಿಲ್ಲ?”

ಮುದುಕಿ ಬಿದಿರಿನ ಕಡೆಯಿಂದ ಕಣ್ಣು ಕೀಳಲಿಲ್ಲ.

“ಹಾಡ್ತೀನಿ ಅಂತ ಅವ್ವ ಬಂದಿದ್ಲು ಸಾಮಿ. ಹೆಂಗಸ್ರದು ಬ್ಯಾಡ, ಹೋಗಿ ಟೀ ಕಾಸ್ಕೊಂಡು ಬಾ ಅಂದ್ರಿ.”