ಮೀನಿನ ಚಿತ್ರದ ಬೋಗುಣಿ

"ನಿನ್ನೆ ಕರಿದ ಮಹಮ್ರಿ ರೊಟ್ಟಿ ಹಾಕ್ತಿದೀಯಲ್ಲಮ್ಮ. ಅದೂ ಮುರಿದ ಚೂರು."

"ಬೆಳಗಿಂದ ರೋಜಾ ಇದ್ದೋರಿಗೆ ನಿನ್ನೇದೇನು, ಇವತ್ತಿಂದೇನು? ಮಸೀದಿ ಮಬ್ಬಲ್ಲಿ ಯಾರು ಕಣ್ಣಿಟ್ಟು ನೋಡ್ತಾರೆ." ಜೋಖಾ ಮಗಳ ಕಡೆ ತಿರುಗದೆ, ಮೀನಿನ ಚಿತ್ರವಿದ್ದ ಬೋಗುಣಿಗೆ ನೀರು ಬೆರೆಸಿ ಹಿಗ್ಗಿಸಿದ ತೊಗರಿಕಾಳಿನ ಸಾರು ಸುರಿದಳು. ಅದರ ಮೇಲೆ ಮನೆಯಲ್ಲಿದ್ದ ಅತಿ ಚೆಂದದ, ಬಣ್ಣದ ಓಲೆಗರಿ ಹೆಣಿಗೆಯ ಮುಚ್ಚಳವನ್ನು ಕವುಚಿದಳು. ಮೊಂಬಾಸಾದ ಆ ಗಲ್ಲಿಯಲ್ಲಿ ರಂಜಾನಿನ ಸಂಜೆ ಉಪವಾಸ ಬಿಡುವವರಿಗಾಗಿ ಮಸೀದಿಗೆ ಊಟದ ಪಾತ್ರೆ ಕಳಿಸದ ಮನೆಯಿರಲಿಲ್ಲ. ಮಗಳು ತಿಮಾ ಅದನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಕೊಟ್ಟು ಬಂದಳು.

ಆಡಿನ ಪಿಲಾವು, ತೆಂಗಿನ ಹಾಲಿನ ಮೀನು, ಬಿಸಿ ಮಹಮ್ರಿ ಎಲ್ಲ ಒಳಗೆ ಶೆಕುವೆಗಾಗಿ ಕಾದಿದ್ದವು. ಅವನು ಲಾಮು ದ್ವೀಪದಿಂದ ಮೊಮ್ಮಗನಿಗಾಗಿ ತಿಮಾಳನ್ನು ನೋಡಲು ಬರುತ್ತಿದ್ದ ಹಿರಿಯ. ಇವತ್ತು ಅವನು ಹೂಂ ಅಂದರೆ ಈದ್ ಕಳೆದ ಕೂಡಲೇ ನಿಕಾಹ್.

ಆಜಾನ್ ಆಯಿತು. ಮುದುಕ ಬರಲಿಲ್ಲ. ನಮಾಜು ಮುಗಿದ ಮೇಲೆ ಬಂದ. ಕಂಕುಳಲ್ಲಿ ಬಣ್ಣದ ಮುಚ್ಚಳ, ಕೈಯಲ್ಲಿ ಮೀನಿನ ಚಿತ್ರದ ಬೋಗುಣಿ.

"ಬಸ್ಸು ತಡ ಆಯ್ತಮ್ಮ. ನಾನು ಇಳಿಯೋದಕ್ಕೂ ಆಜಾನ್ ಕೂಗೋದಕ್ಕೂ ಸರಿಹೋಯ್ತು. ಮೂಲೆ ಮಸೀದೀಲೇ ರೋಜಾ ಬಿಟ್ಟೆ." ಬೋಗುಣಿಯನ್ನು ಪಿಲಾವಿನ ಪಕ್ಕದಲ್ಲೇ ಇಟ್ಟ. "ನಮ್ಮ ಪಾಲಿಗೆ ಇದು ಬಂತು. ಜೊತೇಲಿದ್ದ ಹುಡುಗರು ಮೂಗು ಮುರಿದ್ರು. ಗದರಿಸಿದೆ. ಇದ್ದಿದ್ದನ್ನೇ ಕಳಿಸಿದಾರೆ ಪಾಪ, ತಿನ್ರೋ ಅಂತ."

ಜೋಖಾಳ ಕಿವಿ ಬಿಸಿಯಾಯಿತು.

"ಮುಚ್ಚಳ ನೋಡು, ಎಂಥಾ ಕೆಲಸ. ಒಂದು ಕಾಲಕ್ಕೆ ಬಾಳಿದ ಮನೆ ಇರಬೇಕು. ಯಾರದು ಅಂತ ಕೇಳಿದ್ರೆ ಒಬ್ಬರೂ ಬಾಯಿ ಬಿಡಲಿಲ್ಲ. ಒಳ್ಳೇ ಜನ, ಇನ್ನೊಬ್ಬರ ಮರ್ಯಾದೆ ಕಾಯ್ತಾರೆ." ಮುದುಕ ಅಂಗಿಯ ತೋಳು ಮಡಚಿದ. "ಖಾಲಿ ಪಾತ್ರೆ ತಿರುಗಿಸಿ ಕಳಿಸೋದು ನಮ್ಮ ಕಡೆ ಇಲ್ಲ. ನನ್ನ ಪಾಲು ಅಂದ್ಕೊಂಡು ಹಾಕ್ತೀನಿ, ತಪ್ಪು ತಿಳೀಬೇಡ." ಪಿಲಾವಿನಲ್ಲಿ ಕೈಯಾಡಿಸಿ ದೊಡ್ಡ ದೊಡ್ಡ ತುಂಡುಗಳನ್ನೇ ಆರಿಸಿ ಬೋಗುಣಿ ತುಂಬಿದ. ಮೀನಿನ ಚಿತ್ರ ಮುಚ್ಚಿಹೋಯಿತು. "ಮನೆ ಯಾವುದು ಅಂತ ಗೊತ್ತಾ ಮಗಳೇ?"

"ಗೊತ್ತು ತಾತ," ಎಂದಳು ತಿಮಾ. ಅಮ್ಮನ ಮುಖ ನೋಡಲಿಲ್ಲ. ಬೋಗುಣಿ ಎತ್ತಿಕೊಂಡು ಮುಂಬಾಗಿಲಿನಿಂದ ಹೊರಟಳು.

ಶೆಕುವೆ ಎರಡೂ ಕೈ ಎತ್ತಿದ. "ಆ ಮನೆಯ ಬಡತನ ಕಳೆ, ದೇವರೇ. ನೀನೂ ಆಮೀನ್ ಅನ್ನು ತಾಯಿ, ರೋಜಾ ಇದ್ದ ಬಾಯಿ, ಫಲಿಸುತ್ತೆ."

"ಆಮೀನ್," ಎಂದಳು ಜೋಖಾ.

ಒಳಗೆ, ಅಡಿಗೆಮನೆಯ ಹಿಂಬಾಗಿಲು ಮೆಲ್ಲಗೆ ತೆರೆದುಕೊಂಡಿತು; ಬೋಗುಣಿ ಕೆಳಗಿಟ್ಟ ಸದ್ದಾಯಿತು.