ಸುಂದರಬಾಯಿ ಹೇಳಿದ ಸುಳ್ಳು

ದವಾಖಾನೆಯಿಂದ ಮನೆ ಮುಟ್ಟುವಷ್ಟರಲ್ಲಿ ಒಂದು ಸುಳ್ಳನ್ನು ಹೊಂದಿಸಿಕೊಳ್ಳಬೇಕಿತ್ತು. ಸುಂದರಬಾಯಿಗೆ ಬಾರದ ವಿದ್ಯೆಯೆಂದರೆ ಅದೇ. ಹೊಟ್ಟೆನೋವೆಂದು ನೆಪ ಹೇಳಿ, ಹೋಳಿಗೆಯ ವಾಸನೆ ಬಂದೊಡನೆ ಎದ್ದು ಕೂತು ಸಿಕ್ಕಿಬಿದ್ದವಳು ಅವಳು. ‘ನಾನು ನಾಟಕಕ್ಕ ಸೇರಿದ್ದರ ಹೆಣದ ಪಾರ್ಟಿನಾಗೂ ನಗ್ತಿದ್ದೆ’ ಎಂದು ತನ್ನನ್ನೇ ಆಡಿಕೊಳ್ಳುತ್ತಿದ್ದಳು.

ಆದರೆ ಈ ಸಲ ಬೇರೆ ದಾರಿಯಿರಲಿಲ್ಲ. ಗಂಡ ಶಿವರಾಯರದು ಜೇವರ್ಗಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಹಿಂದಿನ ವರ್ಷ ಅವರ ಅಣ್ಣ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ತೀರಿಹೋಗಿದ್ದರು. ಅಂದಿನಿಂದ ತೇಗು ಬಂದರೂ ಶಿವರಾಯರು ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ತೊಂಬತ್ಮೂರರ ದೀಪಾವಳಿ ಮುಗಿದ ವಾರ ಎದೆಯುರಿ ಎಂದು ಡಾಕ್ಟರ್ ಗೌಸಿಯಾಬೇಗಂ ಹತ್ತಿರ ಓಡಿದರು. ಸುಂದರಬಾಯಿಯೂ ಹಿಂದೆ ಓಡಿದಳು. ಬಂದದ್ದು ಬಂದಿರಿ ಎಂದು ಡಾಕ್ಟರು ಇಬ್ಬರ ರಕ್ತವನ್ನೂ ತೆಗೆದು ಗುಲಬರ್ಗಾಕ್ಕೆ ಕಳಿಸಿದರು. ಮಾಲು ತರಲು ಹೋದ ಶಿವರಾಯರೇ ರಿಪೋರ್ಟ್ ತಂದು ಡಾಕ್ಟರಿಗೆ ಮುಟ್ಟಿಸಿದರು. ಮರುದಿನ ಡಾಕ್ಟರು ಕರೆಸಿದ್ದು ಮಾತ್ರ ಸುಂದರಬಾಯಿಯನ್ನು.

“ಒಂದು ರಿಪೋರ್ಟ್ ಛಲೋ ಅದ. ಇನ್ನೊಂದರಾಗ ಕೊಲೆಸ್ಟ್ರಾಲ್ ತಕರಾರ್ ಅದರಿ” ಎಂದರು ಡಾಕ್ಟರು. “ಒಳ್ಳೇದು ಕಮ್ಮಿ, ಕೆಟ್ಟದು ಬಹಳ.”

“ಹೆಸರಿನಾಗೇ ಕೊಲೆ ಐತಿ. ಅದರಾಗ ಒಳ್ಳೇದು ಎಂಥಾದ್ರಿ?”

ಡಾಕ್ಟರು ನಕ್ಕರು. “ಓಣಿಗೆ ಎರಡು ಬಂಡಿ ಬರ್ತಾವಂತ ತಿಳೀರಿ. ಒಂದು ಕೆಸರು ತಂದು ಸುರೀತದ. ಇನ್ನೊಂದು ಬಳಕೊಂಡು ಹೋಗ್ತದ. ಸುರಿಯೂದು ಕೆಟ್ಟದು, ಒಯ್ಯೂದು ಒಳ್ಳೇದು. ಒಯ್ಯೂ ಬಂಡಿ ಎಷ್ಟು ಹೆಚ್ಚಿದ್ರ ಅಷ್ಟು ಛಲೋ. ಒಟ್ಟು ಅಂಕಿ ಒಂದೇ ನೋಡಿದ್ರ ಏನೂ ತಿಳಿಯೂದಿಲ್ಲ, ಯಾವ ಬಂಡಿ ಎಷ್ಟು ಅಂತ ನೋಡಬೇಕು. ಇಲ್ಲಿ ಸುರಿಯೂ ಬಂಡೀನೇ ಸಾಲುಗಟ್ಟಿ ನಿಂತಾವ. ಹಿಂಗೇ ಬಿಟ್ರ ಒಂದಿನ ರಕ್ತದ ದಾರಿ ಕಟ್ಟತದ.”

ಸುಂದರಬಾಯಿಗೆ ಊಟಕ್ಕೆ ಕೂತಲ್ಲೇ ತೀರಿಹೋದ ಭಾವನ ನೆನಪಾಯಿತು. “ಕೆಟ್ಟದ್ದು ನಮ್ಮ ಮನಿಯವರದೇನ್ರಿ?”

ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಶಿವರಾಯರ ಮುಂದ ಈ ಮಾತು ತಗೀಬ್ಯಾಡ್ರಿ. ಮನ್ಯಾಗ ತುಪ್ಪ, ವನಸ್ಪತಿ, ಕರಿದದ್ದು ಬಂದ್. ದಿನಾ ಇಬ್ಬರೂ ಬಿರಬಿರನ ನಡೀರಿ. ಅವರು ಉಂಡದ್ದೇ ನೀವೂ ಉಣ್ರಿ. ಬ್ಯಾಸಗಿಗೆ ಇನ್ನೊಮ್ಮೆ ನೋಡೂಣು.”

ಮನೆಗೆ ಬಂದಾಗ ಶಿವರಾಯರು ಚಹಾ ಕುಡಿಯುತ್ತಿದ್ದರು. “ಏನಂದ್ರು?” ಎಂದು ಕೇಳಿದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಸುಂದರಬಾಯಿ ಒಂದೇ ಉಸಿರಿಗೆ ಒಪ್ಪಿಸಿದಳು.

“ನಿಮ್ಮದು ಛಲೋ ಐತಂತ. ನನ್ನ ರಕ್ತಾನೇ ಕೆಟ್ಟೈತಂತ್ರಿ. ನಾ ಒಬ್ಬಾಕಿ ಸಪ್ಪನ್ನ ಊಟ ಉಣ್ಣಾಕ, ಒಬ್ಬಾಕಿ ರಸ್ತಾದಾಗ ನಡ್ಯಾಕ ಆಗೂದಿಲ್ಲ. ನೀವೂ ಜೋಡಿ ಆಗ್ರಿ.”

ಶಿವರಾಯರ ಕೈಯಲ್ಲಿದ್ದ ಬಸಿ ವಾಲಿ ಚಹಾ ಧೋತರದ ಮೇಲೆ ಚೆಲ್ಲಿತು. ಮುಖ ಬಿಳಿಚಿಕೊಂಡಿತು. “ಇದನ್ನ ಡಾಕ್ಟರೇ ನಿನ್ನ ಮುಂದ ಹೇಳಿದ್ರೇನು?” ಎಂದರು.

“ಮತ್ಯಾರು ಹೇಳ್ತಾರ್ರಿ?”

ಶಿವರಾಯರು ಧೋತರ ಒರೆಸಿಕೊಂಡರು. ಆಮೇಲೆ, “ಆತು, ಜೋಡೀಲೇ ಮಾಡೂಣು” ಎಂದರು. ಅಂದು ಅಂಗಡಿ ತೆರೆಯಲೇ ಇಲ್ಲ. ತನ್ನ ಮೇಲೆ ಇಷ್ಟು ಜೀವವೇ ಎಂದು ಸುಂದರಬಾಯಿಗೆ ಕಣ್ಣು ತುಂಬಿತು. ಜೊತೆಗೆ, ಹೆಣದ ಪಾರ್ಟಿಗೆ ಲಾಯಕ್ಕಿಲ್ಲದ ತಾನು ಇಷ್ಟು ಚಂದ ನಟಿಸಿದೆನಲ್ಲ ಎಂಬ ಹೆಮ್ಮೆಯೂ ಬಂತು.

ಬೆಳಗಿನ ಚಳಿಯಲ್ಲಿ ಯಡ್ರಾಮಿ ರಸ್ತೆ ಹಿಡಿದು ನಡಿಗೆ ಶುರುವಾಯಿತು. ದಿನ್ನೆ ಏರುವಾಗ ಸುಂದರಬಾಯಿ ರೋಗಿಯಂತೆ ಏದುಸಿರು ಬಿಡಬೇಕೆಂದುಕೊಂಡಿದ್ದಳು. ಕಷ್ಟವೇ ಪಡಬೇಕಾಗಲಿಲ್ಲ. ಉಸಿರು ತಾನಾಗಿಯೇ ಕಮ್ಮಾರನ ತಿದಿಯಂತೆ ಹೊಡೆದುಕೊಂಡಿತು. ಕಲೆ ತನಗೆ ಹುಟ್ಟಿನಿಂದಲೇ ಬಂದಿದೆ, ಊರಿಗೇ ಗೊತ್ತಾಗಲಿಲ್ಲ ಎಂದುಕೊಂಡಳು. ಶಿವರಾಯರು ಮಾತ್ರ ಹೆಜ್ಜೆಗೊಮ್ಮೆ ನಿಂತು, “ದಣಿವಾತೇನು?” ಎನ್ನುತ್ತಿದ್ದರು.

ಊಟದಲ್ಲೂ ಅವರು ತಕರಾರು ತೆಗೆಯಲಿಲ್ಲ. ಭಜಿ ಇಲ್ಲದಿದ್ದರೆ ತಟ್ಟೆ ದೂಡುತ್ತಿದ್ದವರು ಬಿಸಿ ರೊಟ್ಟಿ, ಪುಂಡಿಪಲ್ಯ, ಬೇಳೆಕಟ್ಟನ್ನು ಸದ್ದಿಲ್ಲದೆ ಉಂಡರು. ತಾಳಲಾರದೆ ಹೋದವಳು ಸುಂದರಬಾಯಿಯೇ. ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ತುಪ್ಪದ ಡಬ್ಬಿಯ ಮುಚ್ಚಳ ತೆರೆದಳು. ಬೆನ್ನ ಹಿಂದೆ ಗಂಡನ ದನಿ ಕೇಳಿತು.

“ಏನ್ ಮಾಡಾಕತ್ತಿ?”

“ಇರಿವಿ ಹತ್ಯಾವೇನಂತ ನೋಡಾಕತ್ತೇನ್ರಿ.”

ಬೆರಳ ತುದಿಯಲ್ಲಿ ತುಪ್ಪವಿತ್ತು. ಅವಳು ಅದನ್ನು ಮೊಣಕೈಗೆ ಸವರಿಕೊಂಡು, ಮೊಣಕೈ ನೋವಿಗೆ ಒಳ್ಳೆಯದು ಎಂದಳು. ಶಿವರಾಯರು ನಗಲಿಲ್ಲ. ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ನೆರೆಮನೆಯ ಕುಲಸುಮಬಿಗೆ ಕೊಟ್ಟು ಬಂದರು. ಪಾಪ, ತನ್ನದೇ ರೋಗವೆಂದು ತಿಳಿಯದೆ ಹೆಂಡತಿಗಾಗಿ ತುಪ್ಪ ಬಿಟ್ಟ ಗಂಡ ಎಂದು ಸುಂದರಬಾಯಿ ನಿಟ್ಟುಸಿರಿಟ್ಟಳು.

ಚಳಿಗಾಲ ಕಳೆಯಿತು. ಜೋಳದ ರಾಶಿಗಳು ಮುಗಿದವು. ಈಗ ದಿನ್ನೆ ಏರಿದರೂ ಸುಂದರಬಾಯಿಗೆ ಏದುಸಿರು ಬರುತ್ತಿರಲಿಲ್ಲ. ರೋಗಿಯ ಪಾರ್ಟಿಗೆ ಈಗಲೇ ನಿಜವಾದ ನಟನೆ ಬೇಕಾಗಿತ್ತು. ಅದು ಬರದೆ ಒದ್ದಾಡುತ್ತಿದ್ದಳು.

ಬೇಸಿಗೆಯಲ್ಲಿ ಇಬ್ಬರೂ ಮತ್ತೆ ರಕ್ತ ಕೊಟ್ಟರು. ರಿಪೋರ್ಟ್ ಬಂದ ದಿನ ಶಿವರಾಯರು ಹೊರಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಒಳಗೆ ಡಾಕ್ಟರು ಹಾಳೆಯ ಮೇಲೆ ಬೆರಳಾಡಿಸಿ ಮುಖ ಅರಳಿಸಿದರು.

“ಸುರಿಯೂ ಬಂಡಿ ಕಮ್ಮಿ ಆಗ್ಯಾವ. ಒಯ್ಯೂವು ಹೆಚ್ಚಾಗ್ಯಾವ. ಶಾಬಾಸ್! ನಡಿಗಿ ಮಾತ್ರ ಬಿಡಬ್ಯಾಡ್ರಿ.”

ಸುಂದರಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇನ್ನರೆ ಅವರಿಗೆ ಖರೇ ಹೇಳಿಬಿಡ್ರಿ ಡಾಕ್ಟರಬಾಯಿ. ಅಂಜ್ತಾರಂತ ರೋಗ ನಂದೇ ಅಂತ ಸುಳ್ಳು ಹೇಳೇನಿ. ಪಾಪ, ನನ್ನ ಸಲುವಾಗಿ ಇಷ್ಟು ದಿನ ಒಣಾ ರೊಟ್ಟಿ ತಿಂದಾರ.”

ಡಾಕ್ಟರು ಬೆರಗಾಗಿ ಅವಳನ್ನು ನೋಡಿದರು. ಬಾಗಿಲಾಚೆ ಕೂತಿದ್ದ ಶಿವರಾಯರನ್ನೂ ನೋಡಿದರು. ನಗು ತಡೆಯಲಾಗದೆ ಕನ್ನಡಕ ತೆಗೆದಿಟ್ಟರು.

“ರಿಪೋರ್ಟ್ ತಂದ ದಿನಾನೇ ಅವರಿಗೆ ಓದಿ ಹೇಳಿದ್ದೆ. ಆಗ ಅವರು ಕೈ ಮುಗಿದು ಹೇಳಿದ್ರು. ‘ಅಕಿ ಸಲುವಾಗಿ ಅಂದ್ರ ಅಕಿ ಒಂದು ಚಮಚಾ ತುಪ್ಪ ಬಿಡೂದಿಲ್ಲ, ನನ್ನ ಸಲುವಾಗಿ ಅಂದ್ರ ಊರೇ ಬಿಡ್ತಾಳ. ರೋಗ ನಂದೇ ಅಂತ ತಿಳೀಲಿ’ ಅಂದ್ರು. ಸುಳ್ಳು ಹೇಳಾಕ ನನಗ ಬಾಯಿ ಬರಲಿಲ್ಲ, ಅದಕ್ಕ ನೀವು ಕೇಳಿದಾಗ ಸುಮ್ಮನಿದ್ದೆ.”

ಸುಂದರಬಾಯಿ ತಿರುಗಿ ಬಾಗಿಲಾಚೆಯ ಬೆಂಚಿನತ್ತ ನೋಡಿದಳು.

“ನೀವು ಸುಳ್ಳೇ ಹೇಳಿಲ್ರಿ ಸುಂದರಬಾಯಿ,” ಎಂದರು ಡಾಕ್ಟರು, “ಕೆಟ್ಟಿದ್ದ ರಕ್ತ ನಿಮ್ಮದೇ.”