ಹಾಲು ಸೀದ ಮಧ್ಯಾಹ್ನ

ಇವತ್ತು ಒಲೆಯ ಮೇಲೆ ಹಾಲು ಸೀದ ವಾಸನೆ ಬಂದಾಗ ನಾನೂ ನನ್ನ ಮಗನೂ ಮನೆಯಲ್ಲೇ ಇದ್ದೆವು, ಇಬ್ಬರೂ ಏಳಲಿಲ್ಲ.

ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲದ ಮಾತು. ಖಾನಾಪುರದ ಬಾಜು ಬೀಡಿ ಎಂಬ ಊರಿನಲ್ಲಿದ್ದ ಹೊಲವನ್ನು ಅಪ್ಪ ಮಾರಿದಂದಿನಿಂದ ಅಜ್ಜ ಅವನ ಜೊತೆ ಮಾತು ಬಿಟ್ಟಿದ್ದ. ಟಿಳಕವಾಡಿಯ ಎರಡು ಕೋಣೆಯ ಮನೆಯಲ್ಲಿ ಇಬ್ಬರ ಮಾತನ್ನೂ ಅವ್ವನೇ ದಾಟಿಸುತ್ತಿದ್ದಳು. 'ಮಾವಾರು ಊಟಕ್ಕ ಕರ್ಯಾಕತ್ತಾರ್ರಿ' ಎಂದು ಅಪ್ಪನಿಗೆ ಹೇಳುವಳು. ಅಜ್ಜ ಜೊತೆಗೆ ಸೇರಿಸಿದ್ದ ಬೈಗುಳವನ್ನು ಹಾದಿಯಲ್ಲೇ ಬಿಟ್ಟು ಬರುವಳು.

ಅವ್ವ ತೀರಿಕೊಂಡು ತಿಂಗಳಾಗಿತ್ತು. ಆ ಮಧ್ಯಾಹ್ನ ಅಪ್ಪ ಸ್ಟೋವಿನ ಮೇಲೆ ಹಾಲಿಟ್ಟು ಹಿತ್ತಲಲ್ಲಿ ಅಂಗಿ ಒಗೆಯುತ್ತಿದ್ದ. ಪಡಸಾಲೆಯಲ್ಲಿ ಕೂತ ಅಜ್ಜ ಗೋಡೆ ನೋಡಿ ಹೇಳಿದ, 'ಹಾಲು ಉಕ್ಕಾಕತ್ತಾವ.' ಹಿತ್ತಲಲ್ಲಿ ಒಗೆಯುವ ಸಪ್ಪಳ ನಿಂತಿತು. ಆದರೆ ಅಪ್ಪ ಬರಲಿಲ್ಲ. ಅಜ್ಜನೂ ಏಳಲಿಲ್ಲ. ಹಾಲು ಉಕ್ಕಿ ಬಿತ್ತು, ತಳ ಹತ್ತಿತು, ಮನೆ ತುಂಬ ಹೊಗೆಯಾಯಿತು.

ಬರೆಯುತ್ತಿದ್ದ ಪಾಟಿ ಬಿಸುಟು ಓಡಿದ ನಾನು ಬರಿಗೈಯಲ್ಲೇ ಹಾಲಿನ ಬೋಗಾಣಿ ಎತ್ತಿದೆ.

ಚೀರಿದ್ದಕ್ಕೆ ಇಬ್ಬರೂ ಬಂದರು. ಅಪ್ಪ ನನ್ನ ಕೈಗಳನ್ನು ಕೊಡದ ನೀರಿನಲ್ಲಿ ಅದ್ದಿದ. ಬಾಗಿಲಲ್ಲಿ ನಿಂತ ಅಜ್ಜ ನನ್ನನ್ನೇ ನೋಡುತ್ತ, 'ಜೇನುತುಪ್ಪ ಹಚ್ಚು ಅಂತ ಹೇಳು ನಿಮ್ಮಪ್ಪಗ' ಎಂದ.

ಅಪ್ಪನೂ ನನಗೇ ಹೇಳಿದ. 'ನಿಮ್ಮವ್ವ ಎಲ್ಲಿಟ್ಟಾಳೋ ಗೊತ್ತಿಲ್ಲಂತ ಹೇಳು.'

ಇಬ್ಬರ ನಡುವೆ ಒಂದು ಮಾರು ಜಾಗವೂ ಇರಲಿಲ್ಲ. ಇಬ್ಬರೂ ನನ್ನ ಬಾಯಿ ನೋಡುತ್ತ ನಿಂತರು. ನಾನು ಮೊದಲು ಅಪ್ಪನ ಕಡೆ ತಿರುಗಿದೆ.

'ಜೇನುತುಪ್ಪ ಹಚ್ಚಬೇಕಂತ್ರಿ.'